ಗೆರೆ ಕೆಟ್ಟಿದ್ದು ಕೈಯಿಂದಲೋ ಕಣ್ಣಿಂದಲೋ? ಡ್ರಾಯಿಂಗ್ ಅಭ್ಯಾಸದಲ್ಲಿ ದೋಷ ಹುಡುಕುವ ಕೈಪಿಡಿ

ಹಾಸನದಲ್ಲಿ ನಮ್ಮ ಮನೆ ಜಗಲಿ ಮೇಲೆ ಭಾನುವಾರ ಬೆಳಗ್ಗೆ ಐದಾರು ಜನ ಕೂತು ಡ್ರಾಯಿಂಗ್ ಅಭ್ಯಾಸ ಮಾಡುತ್ತೇವೆ. ಗೆರೆ, ಎಲಿಪ್ಸ್, ಡಬ್ಬಿ, ಸಿಲಿಂಡರ್, ಟೆಕ್ಸ್ಚರ್ (ವಸ್ತುವಿನ ಮೈಯ ಒರಟು, ನಯ), ಹೀಗೆ ಬುಡದಿಂದ. ಹೊಸದಾಗಿ ಬಂದ ಪ್ರತಿಯೊಬ್ಬರೂ ಎರಡನೇ ವಾರಕ್ಕೆ ಒಂದೇ ಮಾತು ಹೇಳುತ್ತಾರೆ: "ನನ್ನ ಕೈ ಸರಿ ಇಲ್ಲ." ನಾನೂ ಮೊದಲ ವರ್ಷ ಪೂರ್ತಿ ಅದೇ ಮಾತು ನಂಬಿಕೊಂಡು ದಿನಕ್ಕೆ ಹತ್ತು ಹಾಳೆ ಗೆರೆ ಎಳೆದೆ. ಗೆರೆ ನೆಟ್ಟಗಾಯಿತು. ಡಬ್ಬಿ ಮಾತ್ರ ಸೊಟ್ಟಗೇ ಇತ್ತು. ಯಾಕಂದರೆ ದೋಷ ಕೈಯಲ್ಲಿ ಇರಲೇ ಇಲ್ಲ, ದೋಷ ಇಲ್ಲದ ಜಾಗದಲ್ಲಿ ನಾನು ರಿಪೇರಿ ಮಾಡುತ್ತಿದ್ದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಂಪ್‌ಸೆಟ್ ನೀರು ಎತ್ತದಿದ್ದರೆ ಯಾರೂ ಮೊದಲು ಮೋಟಾರು ಬಿಚ್ಚುವುದಿಲ್ಲ, ಅಲ್ವಾ? ಕರೆಂಟ್ ಇದೆಯಾ, ಫುಟ್‌ವಾಲ್ವ್ ಹಿಡಿದಿದೆಯಾ, ಪೈಪಿನಲ್ಲಿ ಗಾಳಿ ಸೇರಿದೆಯಾ ಅಂತ ಒಂದೊಂದೇ ನೋಡುತ್ತೇವೆ. ಚಿತ್ರದಲ್ಲೂ ಹಾಗೇ ಮಾಡಬೇಕು. ತಪ್ಪು ನಾಲ್ಕು ಕಡೆಯಿಂದ ಬರಬಹುದು: ಸಾಮಾನು, ಕೈ, ಕಣ್ಣು, ತಲೆ. ತಲೆ ಅಂದರೆ, ಹಾಳೆಯ ಮೇಲೆ ಇಲ್ಲದ ಮೂರನೇ ಆಯಾಮವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಕೆಲಸ.

ಯಾವುದರ ತಪ್ಪು ಅಂತ ಕಂಡುಹಿಡಿಯುವುದು

ಒಂದು ಬೆಂಕಿಪೊಟ್ಟಣ ಎದುರಿಗಿಟ್ಟು ಬರೆಯಿರಿ. ಅದು ಕೆಟ್ಟು ಬಂತು ಅಂತಿಟ್ಟುಕೊಳ್ಳಿ. ಈಗ ಒಂದು ಗಾಜಿನ ತುಂಡನ್ನೋ ಪಾರದರ್ಶಕ ಪ್ಲಾಸ್ಟಿಕ್ ಫೈಲನ್ನೋ ಪೊಟ್ಟಣದ ಮುಂದೆ ಅಲುಗದ ಹಾಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ತಲೆ ಆಡಿಸದೆ ಸ್ಕೆಚ್ ಪೆನ್ನಿನಲ್ಲಿ ಅದರ ಅಂಚುಗಳ ಮೇಲೇ ಗೆರೆ ಎಳೆಯಿರಿ. ಆ ಗೆರೆಗಳೂ ನಡುಗಿದರೆ ಕೈಗೆ ಅಭ್ಯಾಸ ಬೇಕು. ಗಾಜಿನ ಮೇಲೆ ಚೆನ್ನಾಗಿ ಬಂದು ಹಾಳೆಯ ಮೇಲೆ ಕೆಟ್ಟರೆ ಕಣ್ಣಿನದು, ಅಳತೆ ಮತ್ತು ಕೋನ ನೋಡುವುದರಲ್ಲಿ ತಪ್ಪಿದೆ. ಇನ್ನು ಮೂರನೆಯದು: ಪೊಟ್ಟಣವನ್ನು ತೆಗೆದಿಟ್ಟು, ಅದನ್ನೇ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಹೇಗೆ ಕಾಣುತ್ತದೆ ಅಂತ ನೋಡದೆ ಬರೆಯಿರಿ. ಎದುರಿಗಿದ್ದಾಗ ಸರಿ ಬಂದಿದ್ದು ಇಲ್ಲಿ ಕುಸಿದುಬಿದ್ದರೆ ತಲೆಯ ಕೆಲಸ ಬಾಕಿ ಇದೆ ಅಂತ ಅರ್ಥ. ಹತ್ತು ನಿಮಿಷದ ಪರೀಕ್ಷೆ. ಇದನ್ನು ಮಾಡದೆ ಸುಮ್ನೆ ಇನ್ನೂರು ಡಬ್ಬಿ ಬರೆದರೆ ಇನ್ನೂರು ಸಲ ಅದೇ ತಪ್ಪು ರೂಢಿಯಾಗುತ್ತದೆ.

ಮೊದಲು ಸಾಮಾನು ನೋಡಿ, ಅದರಲ್ಲೂ ಮಳೆಗಾಲದಲ್ಲಿ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಇದು ಹೇಳದೆಯೇ ಗೊತ್ತು. ಜುಲೈನಲ್ಲಿ ಹಾಳೆ ಮುಟ್ಟಿದರೆ ತಣ್ಣಗೆ, ಮೆತ್ತಗೆ ಇರುತ್ತದೆ. ಅಂಥ ಹಾಳೆ ಮೇಲೆ ಇಂಕ್ ಪೆನ್ನು ಇಟ್ಟರೆ ಗೆರೆ ಬದಿಗೆ ಹರಡಿ ಕೂದಲು ಕೂದಲಾಗುತ್ತದೆ. ಜನ ಅದನ್ನು ನೋಡಿ ಕೈ ನಡುಗುತ್ತಿದೆ ಅಂದುಕೊಳ್ಳುತ್ತಾರೆ. ಅದೇ ಪೆನ್ನಿನಲ್ಲಿ ಬೀರುವಿನಲ್ಲಿಟ್ಟ ಒಣ ಹಾಳೆಯ ಮೇಲೆ ಒಂದು ಗೆರೆ ಎಳೆದು ನೋಡಿ, ಗೊತ್ತಾಗುತ್ತದೆ. ನಾನು ಜೂನ್‌ಗೆ ಮುಂಚೆಯೇ ಒಂದು ರೀಮ್ ಎ4 ಹಾಳೆಯನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಿನಲ್ಲಿಡುತ್ತೇನೆ, ಬೇಕಾದಷ್ಟೇ ಹೊರಗೆ ತೆಗೆಯುತ್ತೇನೆ. ಮಳೆ ಜೋರಾದ ವಾರಗಳಲ್ಲಿ ಬಾಲ್ ಪೆನ್ನೇ ವಾಸಿ, ಅದರ ಇಂಕ್ ಅಷ್ಟು ಹರಡುವುದಿಲ್ಲ.

ಇನ್ನೊಂದು, ಯಾರೂ ಗಮನಿಸದ ಸಂಗತಿ. ಮೇಜಿನ ಮೇಲೆ ಹಾಳೆಯನ್ನು ಚಪ್ಪಟೆಯಾಗಿ ಇಟ್ಟು ಬರೆದರೆ ಹಾಳೆಯ ಮೇಲಿನ ಅರ್ಧ ನಿಮ್ಮ ಕಣ್ಣಿಗೆ ಓರೆಯಾಗಿ, ಕುಗ್ಗಿದಂತೆ ಕಾಣುತ್ತದೆ. ಆಗ ನೀವು ತಿಳಿಯದೆಯೇ ಅಲ್ಲಿ ಉದ್ದ ಬರೆಯುತ್ತೀರಿ. ಕೊನೆಗೆ ಹಾಳೆ ಎತ್ತಿ ಹಿಡಿದಾಗ ಚೊಂಬಿನ ಕುತ್ತಿಗೆ ಕೊಕ್ಕರೆಯದರಷ್ಟು ಉದ್ದವಾಗಿರುತ್ತದೆ. ಒಂದು ಪ್ಲೈವುಡ್ ಹಲಗೆಯನ್ನು ತೊಡೆಗೂ ಮೇಜಿನ ಅಂಚಿಗೂ ಒರಗಿಸಿಕೊಂಡರೆ ಈ ರೋಗ ಅವತ್ತೇ ವಾಸಿ.

"ಗೆರೆ ನೆಟ್ಟಗೆ ಬರುತ್ತಿಲ್ಲ"

ಹೇಗೆ ನೆಟ್ಟಗಿಲ್ಲ ಅನ್ನುವುದು ಮುಖ್ಯ. ಹತ್ತು ಗೆರೆ ಎಳೆದು ಪಕ್ಕಪಕ್ಕದಲ್ಲಿ ನೋಡಿ. ಹತ್ತೂ ಒಂದೇ ಕಡೆಗೆ ಬಿಲ್ಲಿನಂತೆ ಬಾಗಿದ್ದರೆ ನೀವು ಮಣಿಕಟ್ಟನ್ನೋ ಮೊಣಕೈಯನ್ನೋ ಊರಿ ಎಳೆಯುತ್ತಿದ್ದೀರಿ, ಊರಿದ ಜಾಗ ಕೈವಾರದ ಮುಳ್ಳಿನಂತೆ ಕೆಲಸ ಮಾಡುತ್ತಿದೆ. ಭುಜದಿಂದ ಎಳೆಯಿರಿ. ಅದರ ಬದಲು ಗೆರೆ ಹಾವಿನಂತೆ ಎರಡೂ ಕಡೆ ಅಲುಗಿದ್ದರೆ ನೀವು ಪೆನ್ನಿನ ತುದಿಯನ್ನೇ ನೋಡುತ್ತಾ ದಾರಿಯುದ್ದಕ್ಕೂ ತಿದ್ದುತ್ತಿದ್ದೀರಿ. ಎರಡು ಚುಕ್ಕಿ ಇಟ್ಟುಕೊಳ್ಳಿ, ಪೆನ್ನನ್ನು ಹಾಳೆಗೆ ತಾಗಿಸದೆ ಗಾಳಿಯಲ್ಲೇ ನಾಲ್ಕೈದು ಸಲ ಓಡಿಸಿ, ಆಮೇಲೆ ಕಣ್ಣನ್ನು ಎರಡನೇ ಚುಕ್ಕಿಯ ಮೇಲಿಟ್ಟು ಒಂದೇ ಉಸಿರಿಗೆ ಎಳೆದುಬಿಡಿ. ಗುರಿ ತಪ್ಪಿದರೂ ಪರವಾಗಿಲ್ಲ. ನಡುಗುವ ಗೆರೆ ಗುರಿ ಮುಟ್ಟುವುದಕ್ಕಿಂತ ಗಟ್ಟಿ ಗೆರೆ ಸ್ವಲ್ಪ ಆಚೆ ಬೀಳುವುದು ಒಳ್ಳೆಯದು, ಗುರಿ ಆಮೇಲೆ ತಾನಾಗೇ ಹತ್ತಿರ ಬರುತ್ತದೆ. ಮತ್ತೆ ಹಾಳೆ ತಿರುಗಿಸಿ! ಯಾವ ಕೋನದಲ್ಲಿ ನಿಮ್ಮ ಕೈ ಸಲೀಸೋ ಆ ಕೋನಕ್ಕೆ ಹಾಳೆಯನ್ನು ತನ್ನಿ.

"ಎಲಿಪ್ಸ್ ಲೋಟದ ಬಾಯಿಯಂತೆ ಕಾಣುತ್ತಿಲ್ಲ"

ದೀರ್ಘವೃತ್ತ ಅಂತ ಗಣಿತದ ಪುಸ್ತಕದಲ್ಲಿ ಓದಿದ್ದೇ ಇದು. ಓರೆಯಾಗಿ ನೋಡಿದ ವೃತ್ತ. ಎರಡು ತುದಿ ಬಾದಾಮಿಯಂತೆ ಚೂಪಾದರೆ ನೀವು ಮೇಲೊಂದು ಕೆಳಗೊಂದು ಗೆರೆ ಎಳೆದು ಜೋಡಿಸುತ್ತಿದ್ದೀರಿ, ಅಥವಾ ತಿರುವಿನಲ್ಲಿ ಕೈ ನಿಲ್ಲಿಸುತ್ತಿದ್ದೀರಿ. ಕೈ ನಿಲ್ಲಿಸದೆ ಎರಡು ಸುತ್ತು ಹಾಕಿ. ಮಧ್ಯದಲ್ಲಿ ನೇರವಾಗಿ ಮಾತ್ರೆಯ ಕ್ಯಾಪ್ಸೂಲ್‌ನಂತೆ ಬಂದರೆ ತುದಿ ದುಂಡಗೆ ಮಾಡಬೇಕು ಅನ್ನುವ ಆತುರ ಜಾಸ್ತಿಯಾಗಿದೆ. ಎಲಿಪ್ಸ್‌ನಲ್ಲಿ ನೇರ ಭಾಗ ಅಂತ ಒಂದು ಕೂದಲೆಳೆಯಷ್ಟೂ ಇರುವುದಿಲ್ಲ.

ಇವೆರಡೂ ಕೈಯ ತಪ್ಪು, ಬೇಗ ಹೋಗುತ್ತವೆ. ನಿಜವಾಗಿ ತೊಂದರೆ ಕೊಡುವುದು ತಲೆಯ ತಪ್ಪು: ಎಲಿಪ್ಸ್ ಒಂದೊಂದಾಗಿ ಚೆಂದ ಇದೆ, ಆದರೆ ಲೋಟ ಮಾತ್ರ ಲೋಟವಾಗುತ್ತಿಲ್ಲ. ಆಗ ಎರಡು ಜಾಗ ನೋಡಿ. ಒಂದು, ಎಲಿಪ್ಸ್‌ನ ಚಿಕ್ಕ ಅಕ್ಷ, ಅಂದರೆ ಅದರ ನಡುವೆ ಹಾಯುವ ಅತಿ ಗಿಡ್ಡ ಗೆರೆ. ಸಿಲಿಂಡರಿನ ನಡುವೆ ಒಂದು ಕಡ್ಡಿ ತೂರಿಸಿದಂತೆ ಗೆರೆ ಎಳೆಯಿರಿ. ಎಲಿಪ್ಸ್‌ನ ಚಿಕ್ಕ ಅಕ್ಷ ಆ ಕಡ್ಡಿಯ ಮೇಲೇ ಮಲಗಿರಬೇಕು. ನಿಂತ ಲೋಟದಲ್ಲಿ ಇದು ತಾನಾಗೇ ಆಗುತ್ತದೆ, ಮಲಗಿದ ಮರದ ದಿಮ್ಮಿ ಬರೆದಾಗ ತಪ್ಪುತ್ತದೆ. ಕತ್ತರಿಸಿದ ಮುಖವನ್ನು ಎಲ್ಲರೂ ನೆಟ್ಟಗೆ ನಿಲ್ಲಿಸಿಬಿಡುತ್ತಾರೆ, ದಿಮ್ಮಿ ಓರೆಯಾಗಿದ್ದರೂ ಕೂಡ.

ಎರಡನೆಯದು, ಅಗಲ, ಅಂದರೆ ಎಲಿಪ್ಸ್ ಎಷ್ಟು ತೆರೆದಿದೆ ಅನ್ನುವುದು. ಇದನ್ನು ನಾನು ಕಲಿತಿದ್ದು ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ. 1117ರ ಗುಡಿ. ಒಳಗೆ ನವರಂಗದಲ್ಲಿ ಕೆಲವು ಕಂಬಗಳು ಲೇತ್ ಮೇಲೆ ತಿರುಗಿಸಿ ಕಡೆದ ಹಾಗೆ ಬಳೆ ಬಳೆಯಾಗಿವೆ. ನಾನು ಬರೆದ ಕಂಬದಲ್ಲಿ ಎಲ್ಲ ಬಳೆಗಳೂ ಒಂದೇ ಥರ ಕೆಳಗೆ ಬಾಗಿದ್ದವು, ಕಂಬ ನನ್ನ ಮೇಲೆ ಬೀಳುವಂತೆ ಕಾಣುತ್ತಿತ್ತು. ಎದ್ದು ಹೋಗಿ ಕಂಬದ ಪಕ್ಕ ನಿಂತು ನೋಡಿದೆ. ಕಣ್ಣಿನ ಮಟ್ಟದಲ್ಲಿರುವ ಬಳೆ ನೇರ ಗೆರೆ. ಅದಕ್ಕಿಂತ ಕೆಳಗಿನವು ಕೆಳಗೆ ಬಾಗುತ್ತಾ ಹೋಗುತ್ತವೆ, ಮೇಲಿನವು ಮೇಲಕ್ಕೆ ಬಾಗುತ್ತವೆ, ಕಣ್ಣಿನಿಂದ ದೂರ ಹೋದಷ್ಟೂ ಬಾಗು ಜಾಸ್ತಿ. ನೆಲದ ಮೇಲೆ ಕೂತರೆ ನೇರ ಗೆರೆಯೂ ಕೆಳಗಿಳಿಯುತ್ತದೆ. ಇಷ್ಟೇ ವಿಷಯ. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ, ಆದರೆ ಕೂತು ಎದ್ದು ಕೂತು ನೋಡಿದ ಮೇಲೆ ಮರೆತಿಲ್ಲ. ತರೀಕೆರೆ ಕಡೆಯವರಿಗೆ ಅಮೃತಾಪುರ ಹತ್ತಿರ, 1196ರ ಅಮೃತೇಶ್ವರ ಗುಡಿಯ ಮಂಟಪದಲ್ಲೂ ಅಂಥ ಕಂಬಗಳ ಸಾಲೇ ಇದೆ, ಜನಸಂದಣಿಯೂ ಕಡಿಮೆ. ಮನೆಯಲ್ಲೇ ನೋಡಬೇಕಾದರೆ ಸ್ಟೀಲ್ ಲೋಟ ಸಾಕು. ಮೇಲಿಂದ ನೋಡುವಾಗ ಬಾಯಿಗಿಂತ ತಳದ ಎಲಿಪ್ಸ್ ಹೆಚ್ಚು ದುಂಡಗೆ ಇರಬೇಕು. ತಳವನ್ನು ನೇರ ಗೆರೆಯಲ್ಲಿ ಮುಗಿಸಿದವರ ಲೋಟ ಗಾಳಿಯಲ್ಲಿ ತೇಲುತ್ತದೆ.

"ಡಬ್ಬಿ ಹಿಂದಕ್ಕೆ ಹೋಗುತ್ತಾ ದೊಡ್ಡದಾಗುತ್ತಿದೆ"

ಅತಿ ಸಾಮಾನ್ಯವಾದ ದೋಷ ಇದು. ಪರೀಕ್ಷೆಯೂ ಅಷ್ಟೇ ಖಚಿತ. ಒಂದು ಡಬ್ಬಿಗೆ 12 ಅಂಚುಗಳು. ಅವು ನಾಲ್ಕು ನಾಲ್ಕರ ಮೂರು ಗುಂಪು. ಪ್ರತಿ ಗುಂಪಿನ ನಾಲ್ಕೂ ಗೆರೆ ದೂರ ಹೋಗುತ್ತಾ ಒಂದೇ ವ್ಯಾನಿಶಿಂಗ್ ಪಾಯಿಂಟಿಗೆ, ಅಂದರೆ ದೂರದ ಒಂದೇ ಚುಕ್ಕಿಗೆ ಸೇರಬೇಕು. ಡಬ್ಬಿ ಬರೆದಾದ ಮೇಲೆ ಕೆಂಪು ಪೆನ್ನು ತೆಗೆದುಕೊಂಡು ಪ್ರತಿ ಗೆರೆಯನ್ನೂ ಹಿಂದಕ್ಕೆ ಉದ್ದ ಮಾಡಿ. ನಿಮ್ಮಿಂದ ದೂರ ಹೋಗುವ ಕಡೆಗೆ, ನಿಮ್ಮ ಕಡೆಗಲ್ಲ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಕೆಂಪು ಗೆರೆಗಳು ಹೇಳುವುದನ್ನು ಓದಿ. ನಾಲ್ಕರಲ್ಲಿ ಮೂರು ಸೇರಿ ಒಂದು ಮಾತ್ರ ಓಡಿಹೋಗಿದ್ದರೆ, ಅದು ಬಹುಪಾಲು ಹಿಂದಿನ ಮೂಲೆಗೆ ಹೋಗುವ ಗೆರೆಯಾಗಿರುತ್ತದೆ. ಅದನ್ನು ಕೊನೆಗೆ ಬರೆಯುತ್ತೇವೆ, ಮೊದಲ ಗೆರೆಗಳ ಸಣ್ಣ ಸಣ್ಣ ತಪ್ಪೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಅದೊಂದನ್ನೇ ತಿದ್ದಿ ಪ್ರಯೋಜನವಿಲ್ಲ. ಗೆರೆಗಳು ಎರಡು ಜೋಡಿಯಾಗಿ ಬೇರೆ ಬೇರೆ ಕಡೆ ಸೇರುತ್ತಿದ್ದರೆ ನೀವು ಪಕ್ಕಪಕ್ಕದ ಎರಡು ಗೆರೆಯನ್ನು ಮಾತ್ರ ನೋಡುತ್ತಿದ್ದೀರಿ, ನಾಲ್ಕನ್ನೂ ಒಟ್ಟಿಗೆ ನೋಡುತ್ತಿಲ್ಲ. ಹೊಸ ಗೆರೆ ಹಾಕುವ ಮುಂಚೆ ಅದರ ಗುಂಪಿನ ಉಳಿದ ಮೂವರು ಎಲ್ಲಿಗೆ ಹೊರಟಿದ್ದಾರೆ ಅಂತ ಕೇಳಿಕೊಳ್ಳಿ. ಗೆರೆಗಳೆಲ್ಲ ಸರಿಯಾಗಿ ಸೇರಿಯೂ ಡಬ್ಬಿ ಎಳೆದು ಹಿಗ್ಗಿಸಿದಂತೆ ಕಂಡರೆ ವ್ಯಾನಿಶಿಂಗ್ ಪಾಯಿಂಟುಗಳು ಒಂದಕ್ಕೊಂದು ತೀರಾ ಹತ್ತಿರ ಇವೆ. ಹಾಳೆಯ ಆಚೆ, ಮೇಜಿನ ಆಚೆ ಇವೆ ಅಂತ ಅಂದುಕೊಳ್ಳಿ, ಸಾಮಾನ್ಯ ಗಾತ್ರದ ವಸ್ತುಗಳಿಗೆ ಅದೇ ಸರಿ.

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಅವಳ ಡಬ್ಬಿಗಳೆಲ್ಲ ಹಿಂದಕ್ಕೆ ಹಿಗ್ಗುತ್ತಿದ್ದವು. ಕೆಂಪು ಪೆನ್ನು ಕೊಟ್ಟು, "ತಪ್ಪು ಹುಡುಕು, ತಿದ್ದಬೇಡ" ಅಂದೆ. ಎರಡು ವಾರ ಬರೀ ಹುಡುಕಿದಳು. ಮೂರನೇ ವಾರ "ಮಾವ, ಇದು ಗೆರೆ ಹಾಕೋಕೆ ಮುಂಚೆನೇ ತಪ್ಪು ಅಂತ ಗೊತ್ತಾಗ್ತಿದೆ" ಅಂದಳು. ನನಗೆ ಆ ದಿನ ಆದ ಖುಷಿ ಹೇಳಲಾರೆ.

"ದುಂಡಗಿರಬೇಕಾದ್ದು ಚಪ್ಪಟೆಯಾಗಿದೆ"

ಸೌತೆಕಾಯಿ, ಬಾಳೆಹಣ್ಣು, ಪ್ರಾಣಿಯ ಹೊಟ್ಟೆ, ಇಂಥವುಗಳ ಮೇಲೆ ಸುತ್ತುಗೆರೆ ಹಾಕುವ ಅಭ್ಯಾಸದಲ್ಲಿ ಈ ದೋಷ ಬರುತ್ತದೆ. ಗೆರೆ ಅಂಚಿಗೆ ಬಂದು ಗೋಡೆಗೆ ಡಿಕ್ಕಿ ಹೊಡೆದಂತೆ ನಿಂತಿದೆಯಾ, ಅಥವಾ ಅಂಚಿನಲ್ಲಿ ಬೇಗ ತಿರುಗಿ ಆಚೆ ಮರೆಯಾಗುತ್ತಿದೆಯಾ, ನೋಡಿ. ಮೊದಲನೆಯದಾದರೆ ಆಕಾರ ಬಿಲ್ಲೆಯಾಗುತ್ತದೆ. ಔಷಧಿ ಬಹಳ ಸುಲಭ. ಅಡುಗೆಮನೆಯಿಂದ ಒಂದು ಸೌತೆಕಾಯಿ ತಂದು ಆರೇಳು ರಬ್ಬರ್ ಬ್ಯಾಂಡ್ ಹಾಕಿ. ಒಂದು ತುದಿ ನಿಮ್ಮ ಕಡೆ ತಿರುಗಿಸಿ ನೋಡಿ. ಯಾವ ಬ್ಯಾಂಡ್ ಎಷ್ಟು ಬಾಗಿದೆ, ಎಲ್ಲಿ ಬಾಗು ದಿಕ್ಕು ಬದಲಾಗಿದೆ, ಎಲ್ಲ ಕಣ್ಣೆದುರೇ ಇದೆ. ಅರ್ಧ ಗಂಟೆ ಅದನ್ನೇ ಬರೆಯಿರಿ.

ಇಲ್ಲಿ ನಮ್ಮೂರಿನವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಹಳೇಬೀಡು ಹತ್ತಿರ ಇದೆ ಅಂತ ಎಲ್ಲರೂ ಗೋಡೆಯ ಬುಡದ ಆನೆ ಸಾಲಿನಿಂದ ಪ್ರಾಣಿ ಬರೆಯಲು ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಆ ಆನೆಗಳು ಅದ್ಭುತ, ಆದರೆ ಅವು ಉಬ್ಬುಶಿಲ್ಪ. ಶಿಲ್ಪಿ ದಪ್ಪವನ್ನು ಆಗಲೇ ಕೆಲವು ಅಂಗುಲಕ್ಕೆ ಅಡಕಿಸಿ ಕೊಟ್ಟಿದ್ದಾನೆ. ಅದರಿಂದ ಔಟ್‌ಲೈನ್ ಕಲಿಯಬಹುದು, ಗಾತ್ರ ಕಲಿಯಲು ಕಷ್ಟ. ಅಲ್ಲೇ ಮಂಟಪದಲ್ಲಿರುವ ದೊಡ್ಡ ನಂದಿಯ ಹತ್ತಿರ ಹೋಗಿ. ಸುತ್ತ ನಡೆದು ನಾಲ್ಕು ಕಡೆಯಿಂದ ಬರೆಯಿರಿ. ಹೊಟ್ಟೆ ಒಂದು ದೊಡ್ಡ ಮೊಟ್ಟೆ, ಭುಜದ ಡುಬ್ಬ ಇನ್ನೊಂದು, ತಲೆ ಒಂದು ಮೊಂಡು ಡಬ್ಬಿ, ಹೀಗೆ ಮೊದಲು ಗಾತ್ರ ಜೋಡಿಸಿ. ಫ್ರಾನ್ಸಿನ ಪಾಲ್ ಸೆಜಾನ್ 1904ರಲ್ಲಿ ಒಬ್ಬ ಕಿರಿಯ ಚಿತ್ರಕಾರನಿಗೆ ಬರೆದ ಪತ್ರದಲ್ಲಿ ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳ ಮೂಲಕ ನೋಡು ಅಂದಿದ್ದ. ನಂದಿಯ ಮುಂದೆ ಕೂತಾಗ ಆ ಮಾತು ತೀರಾ ಸರಳವಾಗಿ ಅರ್ಥವಾಗುತ್ತದೆ. ಕೊರಳಿನ ಗಂಟೆಸರ, ಒಡವೆಗಳನ್ನು ಕೊನೆಗೆ ಬರೆಯಿರಿ. ನಿಮ್ಮ ಸುತ್ತುಗೆರೆ ಸರಿ ಇದೆಯಾ ಅಂತ ಆ ಸರವೇ ತೋರಿಸಿಕೊಡುತ್ತದೆ, ಅದು ಕಲ್ಲಿನ ರಬ್ಬರ್ ಬ್ಯಾಂಡ್.

"ಎರಡು ಆಕಾರ ಸೇರುವ ಜಾಗ ತಿಳಿಯುತ್ತಿಲ್ಲ"

ಹಾಸನದಲ್ಲಿ ಆಲೂಗಡ್ಡೆಗೇನು ಬರ. ಒಂದನ್ನು ಓರೆಯಾಗಿ ಕತ್ತರಿಸಿ ಬೆಂಕಿಪೊಟ್ಟಣದ ಮೇಲೆ ಒತ್ತಿ ಹಿಡಿದು ಸಂದಿನ ಗೆರೆ ನೋಡಿ. ಚೆಂಡನ್ನು ಸಮತಲ ಎಲ್ಲೇ ಕತ್ತರಿಸಲಿ, ಕೊಯ್ದ ಅಂಚು ವೃತ್ತವೇ, ಹಾಗಾಗಿ ಹಾಳೆಯ ಮೇಲೆ ಎಲಿಪ್ಸ್. ಡಬ್ಬಿಯ ಅಂಚು ದಾಟಿದ ಕೂಡಲೇ ಆ ಗೆರೆ ತಿರುಗಬೇಕು, ಯಾಕಂದರೆ ಬೇರೆ ಸಮತಲಕ್ಕೆ ಬಂದಿದ್ದೀರಿ. ಅಂಚಿನಲ್ಲಿ ಮುರಿಯದೆ ನಯವಾಗಿ ಹೋಗಿದ್ದರೆ ಅಲ್ಲೇ ತಪ್ಪಿದೆ. ಇದು ನಿಧಾನಕ್ಕೆ ಹತ್ತುವ ವಿದ್ಯೆ. ಮೊದಲ ತಿಂಗಳು ತಪ್ಪು ಬಂದರೆ ತಲೆಕೆಡಿಸಿಕೊಳ್ಳಬೇಡಿ.

"ಟೆಕ್ಸ್ಚರ್ ಹಾಕಿದ ಮೇಲೆ ಚಿತ್ರ ಕೊಳೆಯಾಯಿತು"

ಇದನ್ನು ಹೇಳಲು ನನಗೆ ತುಂಬ ಇಷ್ಟ, ಯಾಕಂದರೆ ಅತಿ ಹೆಚ್ಚು ಶ್ರಮ ವ್ಯರ್ಥವಾಗುವುದು ಇಲ್ಲೇ. ಹಲಸಿನ ಹಣ್ಣು ಬರೆಯುತ್ತೀರಿ. ಒಂದೊಂದು ಮುಳ್ಳಿಗೂ ಸುತ್ತ ಗೆರೆ ಹಾಕುತ್ತೀರಿ. ಎರಡು ಗಂಟೆ ಆದ ಮೇಲೆ ನೋಡಿದರೆ ಹಣ್ಣು ಹೋಗಿ ಚಾಪೆಯಾಗಿದೆ. ಹಾಳೆಯನ್ನು ಗೋಡೆಗೆ ಒರಗಿಸಿ ಹತ್ತು ಅಡಿ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ. ದುಂಡಗೆ ಕಂಡರೆ ಸರಿ. ಎಲ್ಲ ಕಡೆ ಒಂದೇ ಬೂದು ಬಣ್ಣ ಕಂಡರೆ ನೀವು ಬರೆದಿದ್ದು ಮುಳ್ಳಿನ ಪಟ್ಟಿ ಅಷ್ಟೇ.

ಕಾರಣ ಹೀಗಿದೆ. ಮುಳ್ಳಿಗೆ ಸುತ್ತ ಗೆರೆ ಅಂತ ನಿಜವಾಗಿ ಏನೂ ಇಲ್ಲ, ಇರುವುದು ಅದು ಪಕ್ಕದ ಮುಳ್ಳಿನ ಮೇಲೆ ಚೆಲ್ಲುವ ನೆರಳು. ಹಣ್ಣನ್ನು ಒಂದೇ ಕಿಟಕಿಯ ಪಕ್ಕ ಇಡಿ, ಟ್ಯೂಬ್‌ಲೈಟ್ ಆರಿಸಿ. ಬೆಳಕು ನೇರ ಬೀಳುವ ಕಡೆ ಮುಳ್ಳುಗಳು ಬಹುತೇಕ ಕಾಣುವುದಿಲ್ಲ, ಅಲ್ಲಿ ನಾಲ್ಕೈದು ಚುಕ್ಕಿ ಸಾಕು. ಬೆಳಕಿನಿಂದ ನೆರಳಿಗೆ ಮೈ ತಿರುಗುವ ಪಟ್ಟಿಯಲ್ಲಿ ಪ್ರತಿ ಮುಳ್ಳೂ ಎದ್ದು ಕಾಣುತ್ತದೆ, ನಿಮ್ಮ ಶ್ರಮವೆಲ್ಲ ಅಲ್ಲಿರಲಿ. ಪೂರ್ತಿ ನೆರಳಿನಲ್ಲಿ ಸಣ್ಣ ನೆರಳುಗಳು ಒಂದಕ್ಕೊಂದು ಕೂಡಿ ಕಪ್ಪಾಗುತ್ತವೆ, ಬಿಡಿಬಿಡಿಯಾಗಿ ಬರೆಯದೆ ತುಂಬಿಬಿಡಿ. ಹೊರ ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲು ಬಂದರೆ ಕಣ್ಣು ಮಿಕ್ಕಿದ್ದನ್ನು ತಾನೇ ನಂಬುತ್ತದೆ.

ತೋಟದವರಿಗೆ ಅಭ್ಯಾಸಕ್ಕೆ ವಸ್ತು ಹುಡುಕಬೇಕಾಗಿಲ್ಲ. ಸಿಲ್ವರ್ ಓಕ್ ಕಾಂಡದ ಸೀಳು ತೊಗಟೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ನಯವಾದ ಎಲೆ, ಕಣದಲ್ಲಿ ಒಣಗಿ ಸುಕ್ಕಾದ ಕಾಫಿ ಹಣ್ಣು, ಮೂರೂ ಮೂರು ಥರ. ಎರಡು ಇಂಚಿನ ಚೌಕ ಹಾಕಿಕೊಂಡು ಅದರೊಳಗೆ ಒಂದು ಗಂಟೆ ಬರೆಯಿರಿ. ಚೌಕದ ಎಡಗಡೆ ಪೂರ್ತಿ ಕಪ್ಪು, ಬಲಗಡೆ ಖಾಲಿ ಬಿಳಿ, ನಡುವೆ ಆ ತೊಗಟೆಯ ನೆರಳಿನ ಆಕಾರಗಳಿಂದಲೇ ದಾಟಿ ಹೋಗಬೇಕು. ನಡುವೆ ಗಡಿ ಕಂಡರೆ ಇನ್ನೂ ದಾಟಿಲ್ಲ ಅಂತ. ಗೀಚಿ ಬೂದು ಮಾಡಬೇಡಿ, ಪೆನ್ನಿಗೆ ಬೂದು ಬಣ್ಣ ಇಲ್ಲ.

ಹಳೇಬೀಡಿಗೆ ಮತ್ತೆ ಹೋಗುವುದಾದರೆ ಈ ಸಲ ಟೆಕ್ಸ್ಚರ್‌ಗಾಗಿ ಹೋಗಿ. ಬಳಪದ ಕಲ್ಲು ಮೃದು, ಆದ್ದರಿಂದಲೇ ಅಷ್ಟು ಆಳಕ್ಕೆ ಕೊರೆಯಲು ಆಗಿದೆ, ಒಡವೆಯ ಹಿಂದೆಯೂ ಕತ್ತಲು ಕೂತಿದೆ. ಗೋಡೆ ಮಡಿಕೆ ಮಡಿಕೆಯಾಗಿರುವುದರಿಂದ ಒಂದು ಮುಖಕ್ಕೆ ಬಿಸಿಲು ನೇರ ಬಿದ್ದರೆ ಪಕ್ಕದ್ದಕ್ಕೆ ಓರೆಯಾಗಿ ಬೀಳುತ್ತದೆ. ನೇರ ಬಿದ್ದ ಮುಖ ಸಪ್ಪೆ, ಓರೆ ಬಿದ್ದದ್ದು ಜೀವಂತ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿ.

"ಅಭ್ಯಾಸದಲ್ಲಿ ಸರಿ, ವಸ್ತು ಎದುರಿಗಿಟ್ಟರೆ ತಪ್ಪು"

ಇದು ಕಣ್ಣಿನದು. ಹೆಚ್ಚಾಗಿ ಫೋನಿನಿಂದ ಬಂದದ್ದು. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮುಂದಿನ ಭಾಗ ಉಬ್ಬಿ ಹಿಂದಿನದು ಕುಗ್ಗಿರುತ್ತದೆ. ಅದನ್ನೇ ನೋಡಿ ಬರೆದು ರೂಢಿಯಾದವರು ನಿಜದ ವಸ್ತು ಕಂಡಾಗ ಗಲಿಬಿಲಿಗೊಳ್ಳುತ್ತಾರೆ. ಫೋಟೋ ಬೇಕೇ ಬೇಕಾದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ ತೆಗೆಯಿರಿ. ಎದುರಿಗಿಟ್ಟು ಬರೆಯುವಾಗ ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಅಗಲ ಎತ್ತರ ಅಳೆಯಿರಿ. ಮೊಣಕೈ ಸ್ವಲ್ಪ ಮಡಿಚಿದರೂ ಅಳತೆ ಬದಲಾಗುತ್ತದೆ. ಐದು ನಿಮಿಷ ಬರೆದು, ಅಳೆದು, ಮತ್ತೆ ಬರೆಯಿರಿ. ಪೂರ್ತಿ ಮುಗಿಸಿ ಅಳೆಯಬೇಡಿ, ಅಷ್ಟು ಹೊತ್ತಿಗೆ ಅಳಿಸಲು ಮನಸ್ಸೇ ಬರುವುದಿಲ್ಲ.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ಪಕ್ಕದಲ್ಲಿ ಒಂದೇ ಒಂದು ಪದ ಬರೆಯಿರಿ: ಕೈ, ಕಣ್ಣು, ತಲೆ, ಸಾಮಾನು. ತಿಂಗಳಿಗೊಮ್ಮೆ ಕಟ್ಟು ಬಿಚ್ಚಿ ಯಾವ ಪದ ಜಾಸ್ತಿ ಬಂದಿದೆ ಎಣಿಸಿ. ಮುಂದಿನ ತಿಂಗಳು ಅದರದ್ದೇ ಅಭ್ಯಾಸ. ನನ್ನ ಕಳೆದ ತಿಂಗಳ ಕಟ್ಟಿನಲ್ಲಿ "ಕಣ್ಣು" ಹದಿನೇಳು ಸಲ ಇತ್ತು, ಈ ಭಾನುವಾರ ಜಗಲಿ ಮೇಲೆ ಗಾಜಿನ ತುಂಡು ಹಿಡಿದು ಕೂರುತ್ತೇನೆ.